ಎಣ್ಣೆ ಬತ್ತಿದ ಬಾವಿ, ಅಪ್ಪನ ಬಸ್ಸು

ಅಪ್ಪ ಕಂಡಕ್ಟರ್ ಆಗಿದ್ದ ಬಸ್ಸು ಗದಗಿನಿಂದ ಹೊರಟು ರೋಣ, ಸೂಡಿ ದಾಟಿ ಗಜೇಂದ್ರಗಡಕ್ಕೆ ಬರುತ್ತಿತ್ತು. ಆ ದಾರಿಯ ಜನರಿಗೆಲ್ಲ ನನ್ನ ಬಗ್ಗೆ ನನಗಿಂತ ಹೆಚ್ಚು ಗೊತ್ತಿತ್ತು. ನಾನು ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದೇನೆ, ಹಾಸ್ಟೆಲ್ಲಿನ ಊಟ ನನಗೆ ಒಗ್ಗಿಲ್ಲ, ಈ ಸಲ ಜ್ವರ ಬಂದು ಪರೀಕ್ಷೆ ಸರಿಯಾಗಿ ಬರೆದಿಲ್ಲ, ಹೀಗೆ ಎಲ್ಲವನ್ನೂ ಅಪ್ಪ ಟಿಕೆಟ್ ಕೊಡುತ್ತಲೇ ಹೇಳುತ್ತ ಹೋಗುತ್ತಿದ್ದ. ಗುರುತಿಲ್ಲದ ಹೆಂಗಸರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ಜ್ವರಾ ಬಿಟ್ಟಾವೇನವಾ?" ಎಂದು ಕೇಳುತ್ತಿದ್ದರು. ಆಗೆಲ್ಲ ನನಗೆ ಆಗುತ್ತಿದ್ದುದು ಬರೀ ಸಂಕೋಚ. ನಾಚಿಕೆಯೆಂದರೆ ಏನೆಂದು ತಿಳಿದದ್ದು ಆಮೇಲೆ.

ಓದು ಮುಗಿದ ಮೇಲೆ ನನಗೆ ಗುಜರಾತಿನಲ್ಲಿ ಕೆಲಸ ಸಿಕ್ಕಿತು. ಚಿಕ್ಕ ಕಂಪನಿ. ಅಲ್ಲಿನ ಎಣ್ಣೆ ಬಾವಿಗಳಲ್ಲಿ ಕೆಲವು ಬತ್ತಿಹೋಗಿ ಪಾಳು ಬಿದ್ದಿದ್ದವು. ಎಣ್ಣೆ ಮುಗಿದರೂ ಬಾವಿಯ ತಳ ತಣ್ಣಗಾಗುವುದಿಲ್ಲ. ಅಷ್ಟು ಆಳದಲ್ಲಿ ನೆಲವೇ ಬಿಸಿ, ಅಲ್ಲಿರುವ ನೀರೂ ಕುದಿಯುವಷ್ಟು ಬಿಸಿ. ಹೇಗೂ ತೋಡಿಟ್ಟ ಬಾವಿ ಇದೆ, ಆ ಬಿಸಿನೀರನ್ನು ಮೇಲಕ್ಕೆ ತಂದು, ಅದರ ಕಾವಿನಿಂದ ಒಂದು ಸಣ್ಣ ಯಂತ್ರ ತಿರುಗಿಸಿ, ಕರೆಂಟು ತೆಗೆದು, ತಣಿದ ನೀರನ್ನು ಮತ್ತೊಂದು ಹಳೆಯ ಬಾವಿಯಲ್ಲಿ ವಾಪಸ್ ಬಿಡುವುದು ನಮ್ಮ ಕೆಲಸ. ಹೊಗೆಯಿಲ್ಲ, ಸುಡಲು ಏನೂ ಬೇಕಿಲ್ಲ. ಹೇಳುವುದಕ್ಕೆ ಬಹಳ ಸುಲಭ.

ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಹಿಂದೆ ಅವ್ವನ ಮಗ್ಗದ ಸದ್ದು ಕೇಳುತ್ತಿತ್ತು.

"ಅಂದರ ಸತ್ತ ಬಾವಿಗೆ ಜೀವಾ ತುಂಬತೀರಿ ಅಂದಂಗಾತು."

"ಹಂಗ ಅನ್ಕೋಬಹುದು ಅಪ್ಪಾ."

"ಭಾಳ ಚಲೋ ಕೆಲಸ ಐತಿ ಬಿಡು."

ಮರುದಿನವೇ ಅದು ಬಸ್ಸು ಹತ್ತಿತು. ನನ್ನ ಮಗಳು ಸತ್ತ ಬಾವಿಗೆ ಜೀವ ತುಂಬುತ್ತಾಳೆ ಎಂದು ಗದಗಿನಿಂದ ಗಜೇಂದ್ರಗಡದವರೆಗೆ ಸುದ್ದಿಯಾಯಿತು. ಯಂತ್ರ ಮೊದಲ ಸಲ ತಿರುಗುವ ದಿನ ಯಾವುದು ಎಂದು ನಾನು ಹೇಳಿದ್ದೇ ತಪ್ಪಾಯಿತೇನೋ. ಅಪ್ಪ ಅದನ್ನೂ ಎಲ್ಲರಿಗೂ ಹೇಳಿಟ್ಟಿದ್ದ.

ಆ ದಿನ ನಾವು ಶೆಡ್ಡಿನ ಸುತ್ತ ಬಲ್ಬು ಕಟ್ಟಿದ್ದೆವು. ಹತ್ತಿರದ ಹಳ್ಳಿಯವರು ಬಂದು ಚಾಪೆಯ ಮೇಲೆ ಕೂತಿದ್ದರು. ನೀರು ಬಂತು, ಯಂತ್ರ ತಿರುಗಿತು, ಬಲ್ಬು ಹತ್ತಿದವು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವುದರೊಳಗೆ ಬೆಳಕು ಕೆಂಪಾಯಿತು, ಮಂಕಾಯಿತು, ಹೋಯಿತು. ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಕೊಳವೆಗಳ ತುಂಬ ಕಂದು ಬಣ್ಣದ ಮೇಣ. ನೀರಿನ ಜೊತೆ ಇನ್ನೂ ಅಷ್ಟಿಷ್ಟು ಎಣ್ಣೆ ಬರುತ್ತಿತ್ತು. ಬಿಸಿಯಿರುವವರೆಗೆ ಅದು ಹರಿಯುತ್ತದೆ. ಕಾವು ಇಳಿದ ಜಾಗದಲ್ಲಿ ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಇದು ನಮಗೆ ಗೊತ್ತಿರದ ಸಂಗತಿಯಲ್ಲ. ಇಷ್ಟೊಂದು ಇರಲಾರದು ಎಂದುಕೊಂಡಿದ್ದೆವು, ಅಷ್ಟೇ.

ಸಂಜೆ ಅಪ್ಪನ ಫೋನು ಬಂತು.

"ಹತ್ತಿತೇನವಾ?"

"ಹತ್ತಿತಪ್ಪಾ, ಆದರ ನಿಲ್ಲಲಿಲ್ಲ. ಮೇಣ ಕಟ್ಟಿ ಬಂದ್ ಆತು. ಮತ್ತ ನೋಡಬೇಕು."

"ಹತ್ತಿತಲ್ಲಾ!" ಎಂದ ಅಪ್ಪ. ಅವನ ದನಿಯಲ್ಲಿ ಇದ್ದ ಆಸೆ ಕೇಳಿ ಉಳಿದದ್ದನ್ನು ಬಿಡಿಸಿ ಹೇಳುವ ಮನಸ್ಸಾಗಲಿಲ್ಲ. ಹೇಳಿದ್ದೇನಲ್ಲ, ಅವನಿಗೆ ತಿಳಿದಿರುತ್ತದೆ ಎಂದುಕೊಂಡೆ.

ಆಮೇಲೆ ನಾವು ಎರಡು ಮೂರು ಬಾರಿ ಕೊಳವೆ ತೊಳೆದು ಮತ್ತೆ ಪ್ರಯತ್ನಿಸಿದೆವು. ಪ್ರತಿ ಸಲವೂ ಅದೇ ಮೇಣ, ಅದೇ ಕತ್ತಲೆ. ಕಡೆಗೆ ಕರೆಂಟಿನ ಕೆಲಸವನ್ನು ನಿಲ್ಲಿಸಿಟ್ಟರು. ಏನು ಮಾಡುವುದೆಂದು ಮೇಲಿನವರು ಯೋಚಿಸುತ್ತಿದ್ದಾಗ ನನಗೆ ಕೆಲವು ದಿನದ ರಜೆ ಸಿಕ್ಕಿತು. ನಾನು ಊರಿಗೆ ಹೊರಟೆ.

ಗದಗಿನಲ್ಲಿ ಅಪ್ಪನ ಬಸ್ಸೇ ಸಿಕ್ಕಿತು. ಬೇಕೆಂದೇ ಅದಕ್ಕಾಗಿ ಕಾದಿದ್ದೆ. ಅಪ್ಪ ನನ್ನ ಚೀಲ ತೆಗೆದುಕೊಂಡು ಡ್ರೈವರಿನ ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟ. ಹೆಂಗಸರಿಗೆ ಕೊಡುವ ದುಡ್ಡಿಲ್ಲದ ಟಿಕೆಟನ್ನು ನನಗೂ ಹರಿದುಕೊಟ್ಟು, "ಇದ್ರಾಗ ಅಪ್ಪನ ವಶೀಲಿ ಏನೂ ಇಲ್ಲವಾ," ಎಂದು ನಕ್ಕ. ಪಕ್ಕದಲ್ಲಿ ಕೂತಿದ್ದ ದಪ್ಪ ಕನ್ನಡಕದ ಅಜ್ಜಿ ನನ್ನನ್ನು ತಿರುಗಿ ನೋಡಿದಳು.

"ನೀನೇನ ಅಕಿ? ಬಾವ್ಯಾಗಿಂದ ಕರೆಂಟ ತಗದಾಕಿ?"

ನಾನು ಏನೋ ಹೇಳಲು ಬಾಯಿ ತೆರೆದೆ. ಹಿಂದಿನ ಸೀಟಿನ ಹೆಂಗಸು ಮುಂದೆ ಬಾಗಿದಳು. "ಒಂದ ಇಡೀ ಊರಿಗೆ ಈಕಿ ಬಾವೀದ ಕರೆಂಟಂತ ಬೇ. ಬಿಲ್ಲು ಸುದ್ಧಾ ಬರೂದಿಲ್ಲಂತ. ಕಂಡಕ್ಟರ್ ಅಣ್ಣಾ ದಿನಾ ಹೇಳ್ತಾನ."

"ಪುಣ್ಯೇವಂತಿ," ಎಂದು ಅಜ್ಜಿ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದಳು.

ನಾನು ಅಪ್ಪನ ಕಡೆ ನೋಡಿದೆ. ಅವನು ಬಾಗಿಲ ಹತ್ತಿರ ನಮಗೆ ಬೆನ್ನು ಮಾಡಿ ನಿಂತು ಯಾರಿಗೋ ಚಿಲ್ಲರೆ ಎಣಿಸುತ್ತಿದ್ದ. ಬಸ್ಸಿನ ಆ ತುದಿಯಲ್ಲಿ ಯಾರಾದರೂ ಪಿಸುಗುಟ್ಟಿದರೂ ಕೇಳಿಸಿಕೊಳ್ಳುವ ಕಿವಿ ಅವನದು. ಇದು ಕೇಳಿಸಿರಲೇಬೇಕು. ಅವನು ತಿರುಗಲಿಲ್ಲ. ಕುತ್ತಿಗೆ ಮಾತ್ರ ಕೆಂಪಾದ ಹಾಗೆ ಕಂಡಿತು. ನನ್ನ ಕಿವಿಗಳೂ ಕಾದವು. ಕಿಟಕಿಯಾಚೆ ಕಡಲೆಯ ಹೊಲಗಳು ಹಿಂದೆ ಸರಿಯುತ್ತಿದ್ದವು. ನಾನು ಅವನ್ನೇ ನೋಡುತ್ತ ಕೂತೆ. ಮನೆಗೆ ಹೋಗಿ ಅಪ್ಪನೊಬ್ಬನಿಗೇ ಮೆಲ್ಲಗೆ ಹೇಳೋಣ, ಬಸ್ಸಿನ ಜನ ಏನೆಂದುಕೊಂಡರೆ ಏನಂತೆ ಎಂದುಕೊಂಡೆ.

ರೋಣದಲ್ಲಿ ಬಸ್ಸು ತುಂಬಿತು. ಸಂತೆಯ ಚೀಲಗಳ ನಡುವೆ ಒಬ್ಬ ರೈತ, ಅವನ ಹೆಂಡತಿ ಹತ್ತಿದರು. ಸೂಡಿಯವರು. ರೈತ ನನ್ನನ್ನು ಕಂಡವನೇ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು ಜನರನ್ನು ಸರಿಸಿಕೊಂಡು ಬಂದ. ಯಾರೋ ಆಗಲೇ ಅವನಿಗೆ ನಾನು ಯಾರೆಂದು ಹೇಳಿದ್ದರು.

"ನಮಸ್ಕಾರ್ರೀ ಮ್ಯಾಡಮ್ಮಾರ. ನಿಮ್ಮ ದಾರೀನ ಕಾಯ್ತಿದ್ದೆ ನೋಡ್ರಿ. ನಮ್ಮ ಹೊಲದಾಗ ಒಂದ ಹಳೇ ಬೋರ್ ಐತ್ರಿ. ನೀರು ಬೀಳಲಿಲ್ಲಂತ ಮ್ಯಾಲ ಕಲ್ಲ ಮುಚ್ಚಿ ಬಿಟ್ಟಿದ್ವಿ. ನಿಮ್ಮಪ್ಪಾರು ಹೇಳಿದ ಮ್ಯಾಲ ಕಲ್ಲ ತಗದೇವ್ರಿ. ಕಾವು ಹೊರಗ ಬರತೈತೇನಂತ ದಿನಾ ಕೈ ಇಟ್ಟ ನೋಡ್ತೀನಿ. ನೀವು ಯಾವಾಗ ಬರತೀರಿ?"

ಮೊದಲಿಗೆ ನನಗೆ ಅರ್ಥವಾದದ್ದು ಒಂದೇ ಮಾತು.

"ಕಲ್ಲು ತಗದೀರೇನ್ರೀ? ಈಗ ತೆರದ ಐತೇನು ತೂತು?"

"ಹೌದ್ರಿ. ಸುತ್ತಲೂ ಒಂದಿಷ್ಟ ಮುಳ್ಳ ಹಾಕೇನಿ. ಕುರಿ ಹೋಗಬಾರದಂತ."

"ಅಲ್ಲಿ ಮಕ್ಳು ಓಡಾಡ್ತಾರೇನ್ರಿ?"

"ಹೊಲದಾಗ ಮಕ್ಳು ಇರೂದಿಲ್ಲೇನ್ರೀ? ನಮ್ಮ ಅಣ್ಣನ ಮಕ್ಳು ಅಲ್ಲೇ ಇರತಾವು."

ಅಷ್ಟು ಹೊತ್ತು ನಾನು ಹಿಡಿದುಕೊಂಡಿದ್ದ ಸುಮ್ಮನಿರುವ ಆಲೋಚನೆ ಅಲ್ಲಿಗೆ ಮುಗಿಯಿತು. ಎದ್ದು ನಿಂತೆ. ಮೆಲ್ಲಗೆ ಹೇಳಬೇಕೆಂದೇ ಇದ್ದೆ. ಆದರೆ ಹಳೆಯ ಬಸ್ಸಿನ ಎಂಜಿನ್ ಸದ್ದಿನಲ್ಲಿ ಮೆಲ್ಲಗೆ ಆಡಿದ ಮಾತು ಯಾರಿಗೂ ಕೇಳುವುದಿಲ್ಲ. ನಾನು ಕೂಗಿಯೇ ಹೇಳಿದೆ.

"ಅದನ್ನ ಇವತ್ತ ಮುಚ್ಚಬೇಕ್ರಿ. ಈಗಿಂದೀಗ. ನಿಮ್ಮ ಬೋರಿನ್ಯಾಗ ಕಾವು ಇರೂದಿಲ್ರಿ. ನಮ್ಮವು ಎಣ್ಣಿ ಬಾವಿ, ಮೈಲಿಗಟ್ಲೆ ಆಳ. ಇಲ್ಲೀವು ಬರೇ ಬಂಡಿಗಲ್ಲಿನ್ಯಾಗಿನ ಸಣ್ಣ ತೂತು. ಅದರಿಂದ ಏನೂ ಆಗೂದಿಲ್ಲ."

"ಆದರ ನಿಮ್ಮ ಊರಾಗ ಹತ್ತಿದುವಲ್ರೀ ಬಲ್ಬು?"

"ಇಲ್ರೀ. ಹತ್ತಿ ಆರಿಹ್ವಾದುವು. ಯಾವ ಊರಿಗೂ ಕರೆಂಟ್ ಕೊಟ್ಟಿಲ್ಲ ನಾವು. ಕೆಲಸಾ ನಿಂತೈತಿ."

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. "ಹಂಗಾರ ಕಂಡಕ್ಟರ್ ಸಾಹೇಬ್ರು ಇಷ್ಟ ದಿನಾ ಹೇಳಿದ್ದು?" ಎಂದು ಇನ್ನೊಂದು ದನಿ ಕೇಳಿತು. ಗಲ್ಲ ಮುಟ್ಟಿ ನೆಟಿಗೆ ಮುರಿದಿದ್ದ ಅಜ್ಜಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದೆ ನೋಡತೊಡಗಿದಳು.

ಅಪ್ಪ ಆಗ ತಿರುಗಿದ. ನಾನು ಅವನ ಮುಖದಲ್ಲಿ ಸಿಟ್ಟು ನಿರೀಕ್ಷಿಸಿದ್ದೆ. ಸಿಟ್ಟಿರಲಿಲ್ಲ. ದಾರಿ ತಪ್ಪಿ ಬೇರೆ ಬಸ್ಸು ಹತ್ತಿದವರ ಮುಖ ಹೇಗಿರುತ್ತದೋ ಹಾಗಿತ್ತು. ಬಾಯಲ್ಲಿದ್ದ ಸೀಟಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಮತ್ತೆ ತೆಗೆದ. ಅಷ್ಟರಲ್ಲಿ ಸೂಡಿ ಬಂತು. ಅವನು ಒಮ್ಮೆ ಊದಿ ಬಸ್ಸು ನಿಲ್ಲಿಸಿದ.

"ನಾನೂ ಇವರ ಜೋಡಿ ಇಳೀತೀನಪ್ಪಾ," ಎಂದೆ. "ಮುಚ್ಚಿಸಿ ಮುಂದಿನ ಬಸ್ಸಿಗೆ ಬರ್ತೀನಿ."

ಅವನು ತಲೆಯಾಡಿಸಿದ. ನನ್ನ ಚೀಲವನ್ನು ಕೊಡಲು ಬಗ್ಗಿದವನು, ಅದು ಮನೆಗೇ ಹೋಗಲಿ ಎಂದು ಅಲ್ಲೇ ಬಿಟ್ಟ. ನಾವು ಇಳಿದ ಮೇಲೆ ಎರಡು ಸಲ ಸೀಟಿ ಊದಿದ. ಬಸ್ಸು ಹೋಯಿತು.

ಹೊಲ ರಸ್ತೆಯಿಂದ ದೂರವಿರಲಿಲ್ಲ. ಎಳೆಯ ಜೋಳದ ನಡುವೆ ಒಂದು ಗೇಣಿಗಿಂತ ಕಡಿಮೆ ಅಗಲದ ತೂತು, ಸುತ್ತ ಒಣಗಿದ ಜಾಲಿಮುಳ್ಳು. ಒಂದು ಕಡೆ ಮುಳ್ಳು ಆಗಲೇ ಸರಿದಿತ್ತು. ರೈತ ಅಲ್ಲೇ ಮೊಣಕಾಲೂರಿ, ತೂತಿನ ಮೇಲೆ ಅಂಗೈ ಇಟ್ಟು, "ಒಂದೀಟ ಬೆಚ್ಚಗ ಹತ್ತತೈತ್ರಿ, ನೀವೂ ನೋಡ್ರಿ," ಎಂದ. ನಾನೂ ಅಂಗೈ ಇಟ್ಟೆ. ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದ ಬಿಸುಪು, ಬೇರೇನೂ ಅಲ್ಲ. ಅದನ್ನು ಹೇಳಿದೆ. ಅವನು ಕೈ ತೆಗೆದು ಧೋತರಕ್ಕೆ ಒರೆಸಿಕೊಂಡ. ಎರಡನೆಯ ಸಲ ಒಬ್ಬ ಮನುಷ್ಯನ ಆಸೆಯನ್ನು ಅವನ ಮುಖದ ಮೇಲೇ ಆರಿಸಿದ ಹಾಗಾಯಿತು ನನಗೆ.

ಮೂವರೂ ಸೇರಿ ಚಪ್ಪಡಿ ಕಲ್ಲನ್ನು ಉರುಳಿಸಿ ತಂದು ಮುಚ್ಚಿದೆವು. ಅಂಚಿಗೆ ಮಣ್ಣು ಮೆತ್ತಿ ತುಳಿದೆವು. ಅವನ ಹೆಂಡತಿ ಮರದ ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟಳು.

"ನಿಮ್ಮಪ್ಪಾರ್ನ ಬೈಬ್ಯಾಡ್ರಿ," ಎಂದಳು ಆಕೆ. "ಮಗಳ ಮ್ಯಾಲಿನ ಪ್ರೀತಿಗೆ ಹೇಳ್ಯಾರ. ನಮ್ಮನಿಯವ್ರೂ ಹಿಂಗ. ಮನಿ ಮುಂದ ಒಂದ ಲೈಟ್ ಹಾಕಸತೀನಿ, ಎಲ್ಲಾರೂ ನೋಡಬೇಕಂತ ಕುಣೀತಿದ್ರು."

"ಬೈಯೂದಿಲ್ರಿ," ಎಂದೆ. ಬೈಯುವ ಮುಖ ನನಗಾದರೂ ಎಲ್ಲಿತ್ತು? ಮೇಣದ ಸಂಗತಿ ಗೊತ್ತಿದ್ದೂ ಇರಲಾರದು ಎಂದುಕೊಂಡವರು ನಾವು. ಒಂದು ಬಲ್ಬು ಹತ್ತುವ ಮೊದಲೇ ಜನರನ್ನು ಚಾಪೆಯ ಮೇಲೆ ಕೂರಿಸಿದ್ದೂ ನಾವೇ. ಅಪ್ಪ ಮಾಡಿದ್ದಾದರೂ ಅದನ್ನೇ, ತನ್ನ ಬಸ್ಸಿನಲ್ಲಿ.

ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು. ಅಪ್ಪ ಡ್ಯೂಟಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದ. ನನ್ನ ಚೀಲ ಅವನ ಪಕ್ಕದಲ್ಲಿತ್ತು. ಅವ್ವನಿಗೆ ಏನು ಹೇಳಿದ್ದನೋ, ಆಕೆ ನನ್ನನ್ನು ಏನೂ ಕೇಳದೆ ತಾಟು ಹಾಕಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ. ಮೂವರೂ ಕೂತು ಉಂಡೆವು. ಕೈ ತೊಳೆಯುವಾಗ ಅಪ್ಪ ಹೇಳಿದ:

"ಬಸ್ಸಿನ್ಯಾಗ ಎಲ್ಲಾರ ಮುಂದ ಹೇಳೂದು ಬ್ಯಾಡಾಗಿತ್ತವಾ."

"ತೂತು ತೆರದಿತ್ತಪ್ಪಾ. ಮಕ್ಳಿದ್ರು ಅಲ್ಲಿ."

"ಅದು ಖರೇ. ಮುಚ್ಚಿದ್ರೇನು?"

"ಮುಚ್ಚಿದ್ವಿ."

"ನಾ ಸುಳ್ಳ ಹೇಳಬೇಕಂತ ಹೇಳಲಿಲ್ಲ. ಹತ್ತಿತು ಅಂತ ಹೇಳಿದೆ. ಮುಂದ ಏನಾತು ಅಂತ ದಿನಾ ಕೇಳವ್ರು. ದಿನಾ ಒಂದೀಟ ಕೂಡಿಸ್ಕೋಂತ ಹ್ವಾದೆ." ಅವನು ಟಾವೆಲ್ಲಿನಿಂದ ಬಹಳ ಹೊತ್ತು ಕೈ ಒರೆಸಿಕೊಂಡ. "ಕಲ್ಲ ಕಿತ್ತ ಹಾಕತಾನಂತ ನನಗೇನ ಗೊತ್ತು."

ಅವ್ವ ಎದ್ದು ಮಗ್ಗದ ಹತ್ತಿರ ಹೋದಳು. ಆದರೆ ನೇಯಲಿಲ್ಲ. ಸುಮ್ಮನೆ ದಾರ ಸರಿಮಾಡುತ್ತ ಕೂತಳು. ನಾನು ಅಪ್ಪನಿಗೆ ಏನಾದರೂ ಹೇಳಬೇಕಿತ್ತು. ನೀನು ಹೇಳಿದ್ದರಲ್ಲಿ ತಪ್ಪಿಲ್ಲ ಎಂದರೆ ಅದೂ ಸುಳ್ಳು. ತಪ್ಪು ಎಂದರೆ ಬಸ್ಸಿನಲ್ಲಿ ಆದದ್ದೇ ಸಾಲದೆ ಮತ್ತೊಮ್ಮೆ ಅವನನ್ನು ಇಳಿಸಿದ ಹಾಗೆ. ಎರಡೂ ಹೇಳಲಾಗದೆ ಹಾಸಿಗೆ ಹಾಸಿದೆ.

ರಜೆ ಮುಗಿಯುವವರೆಗೆ ನಾನು ಪೇಟೆಯ ಕಡೆ ಹೆಚ್ಚು ಹೋಗಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನ ಎದುರು ಅವ್ವನಿಗೆ ಔಷಧಿ ತರಲು ಹೋದಾಗ ಅಂಗಡಿಯ ಬಾಗಿಲಲ್ಲಿ ಹೂ ಮಾರುವವಳು ಗುರುತು ಹಿಡಿದು ನಕ್ಕಳು. ಅದು ಬರೀ ಗುರುತಿನ ನಗುವೇ ಇರಬಹುದು. ನಾನು ಹಣ ಕೊಟ್ಟು ಉಳಿದ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಅಂಗಡಿಯಿಂದ ಹೊರಬಿದ್ದೆ.

ಗುಜರಾತಿಗೆ ಮರಳಿದ ಮೇಲೆ ಅವ್ವ ಫೋನಿನಲ್ಲಿ ಎರಡು ಸುದ್ದಿ ಹೇಳಿದಳು. ಅಪ್ಪ ವಾರದ ರಜೆಯಲ್ಲಿ ಸೂಡಿಗೆ ಹೋಗಿ, ಆ ತೂತಿಗೆ ಕಬ್ಬಿಣದ ಮುಚ್ಚಳ ಕೂರಿಸಿ, ಸಿಮೆಂಟು ಹಾಕಿಸಿ ಬಂದಿದ್ದ. ಎರಡನೆಯದು, ತಾನೇ ಕೇಳಿಕೊಂಡು ನರಗುಂದದ ದಾರಿಯ ಬಸ್ಸಿಗೆ ಬದಲಾಯಿಸಿಕೊಂಡಿದ್ದ.

"ಯಾಕಂತವಾ?"

"ಆ ದಾರಿ ಬ್ಯಾಸರಾತಂತ," ಎಂದಳು ಅವ್ವ.

ನಮ್ಮ ಬಾವಿಯ ಕೆಲಸ ಪೂರ್ತಿ ನಿಲ್ಲಲಿಲ್ಲ. ಕರೆಂಟು ಬೇಡ, ಬರೀ ಕಾವನ್ನು ಬಳಸೋಣ ಎಂದು ತೀರ್ಮಾನವಾಯಿತು. ಸಣ್ಣ ಕೊಳವೆ ತೆಗೆದು, ಬಿಚ್ಚಿ ಮೇಣ ಕೆರೆಯಲು ಬರುವಂಥ ಅಗಲದ ಕೊಳವೆ ಹಾಕಿದೆವು. ಬಿಸಿನೀರು ಅದರಲ್ಲಿ ಹರಿಯುತ್ತದೆ, ಫ್ಯಾನುಗಳು ಅದರ ಕಾವನ್ನು ಒಂದು ಉದ್ದನೆಯ ಕೋಣೆಗೆ ದೂಡುತ್ತವೆ, ಕೋಣೆಯಲ್ಲಿ ಜಾಲರಿ ತಟ್ಟೆಗಳ ಮೇಲೆ ಹೆಚ್ಚಿದ ಉಳ್ಳಾಗಡ್ಡಿ ಒಣಗುತ್ತದೆ. ಫ್ಯಾನು ತಿರುಗುವುದು ಊರಿನ ಲೈನಿನ ಕರೆಂಟಿನಿಂದಲೇ. ಮೊದಲು ನನಗೆ ಇದು ಕೆಳಗಿಳಿದ ಕೆಲಸ ಎನಿಸಿತ್ತು. ಆದರೆ ಮೊದಲ ತಟ್ಟೆಗಳು ಹೊರಬಂದಾಗ, ಹತ್ತಿರದ ಹಳ್ಳಿಯ ಹೆಂಗಸರು ಒಣಗಿದ ಚೂರನ್ನು ಬಾಯಿಗೆ ಹಾಕಿಕೊಂಡು ಕುರುಕುರು ಅಗಿದು ತಲೆಯಾಡಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಉಳ್ಳಾಗಡ್ಡಿಯ ಘಾಟಿಗೆ ಎಲ್ಲರ ಕಣ್ಣಲ್ಲೂ ಬಂದಿತ್ತು, ಅದರಲ್ಲಿ ನನ್ನದೂ ನಡೆದುಹೋಯಿತು.

ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಮೊದಲಾಗಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದ. ಎಷ್ಟು ಬಿಸಿ, ಎಷ್ಟು ಆಳ, ಯಾರು ಕೊಳ್ಳುತ್ತಾರೆ, ನೀನು ಉಂಡೆಯಾ. ಈಗ ಹೆಬ್ಬೆರಳಿನ ಚಿತ್ರ ಒಂದು ಬಂತು. ಅದರ ಹಿಂದೆ ಏನಾದರೂ ಬರಬಹುದೆಂದು ಬಹಳ ಹೊತ್ತು ಫೋನು ಹಿಡಿದು ಕೂತೆ.

ಕಳೆದ ಸಲ ಊರಿಗೆ ಬಂದಾಗ ನರಗುಂದದಲ್ಲಿರುವ ಗೆಳತಿಯ ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಅಪ್ಪನ ಬಸ್ಸು ಹತ್ತಿದೆ. ಅಲ್ಲಿನ ಜನ ಅಪ್ಪನನ್ನು "ಕಂಡಕ್ಟರ್ರ" ಎಂದು ಕರೆಯುತ್ತಿದ್ದರೇ ಹೊರತು ಬೇರೆ ಯಾವ ಸಲಿಗೆಯೂ ಇರಲಿಲ್ಲ. ಅಪ್ಪ ಟಿಕೆಟ್ ಕೊಡುತ್ತ, ಊರ ಹೆಸರು ಕೂಗುತ್ತ, ಬೇರೇನೂ ಮಾತಾಡದೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ. ಬಸ್ಸಿನಲ್ಲಿ ಇಷ್ಟು ಸುಮ್ಮನಿರುವ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಅವನು ನನ್ನ ಸೀಟಿನ ಹತ್ತಿರ ಬಂದು ನೀರಿನ ಬಾಟಲಿ ಕೊಟ್ಟದ್ದನ್ನು ಕಂಡು ಪಕ್ಕದ ಹೆಂಗಸು ಕೇಳಿದಳು:

"ಯಾರ್ರೀ ಕಂಡಕ್ಟರ್ರ, ನಿಮ್ಮ ಮಗಳೇನು?"

"ಹೌದ್ರಿ."

"ಏನ್ ಮಾಡತಾಳ್ರಿ?"

ಅಪ್ಪ ನನ್ನ ಕಡೆ ನೋಡಿದ. ಒಂದು ಕಾಲದಲ್ಲಿ ಈ ಪ್ರಶ್ನೆಗಾಗಿಯೇ ಅವನು ದಿನವಿಡೀ ಕಾಯುತ್ತಿದ್ದ.

"ಅಕೀನ ಕೇಳ್ರಿ," ಎಂದ. "ಇಲ್ಲೇ ಅದಾಳಲ್ಲ."

ಅದು ಮುನಿಸಿನ ಮಾತಲ್ಲ. ಜಾಗ ಬಿಟ್ಟುಕೊಡುವವರ ದನಿಯಲ್ಲಿ ಹೇಳಿದ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ನಾನು ಆಕೆಗೆ ಹೇಳಿದೆ. ಎಣ್ಣೆ ಬತ್ತಿದ ಬಾವಿಯಿಂದ ಬಿಸಿನೀರು ತೆಗೆದು ಉಳ್ಳಾಗಡ್ಡಿ ಒಣಗಿಸುತ್ತೇವೆ ಎಂದೆ. ಮೊದಲು ಕರೆಂಟು ತೆಗೆಯಲು ಹೋಗಿ ಆಗಲಿಲ್ಲ ಎಂದೂ ಹೇಳಿದೆ. ಮಾತು ನನಗೇ ಒಣಗಿದ ಹಾಗೆ ಕೇಳಿಸಿತು. ಅಪ್ಪ ಹೇಳಿದ್ದರೆ ಹಿಂದಿನ ಸೀಟಿನವರೂ ಎದ್ದು ನಿಂತು ಕೇಳುತ್ತಿದ್ದರು.

"ಹೌದೇನು? ಚಲೋ ಆತು ಬಿಡ್ರಿ," ಎಂದು ಆಕೆ ಕಿಟಕಿಯ ಕಡೆ ತಿರುಗಿದಳು.

ಅಪ್ಪ ಆಗಲೇ ಬಸ್ಸಿನ ಹಿಂಬದಿಗೆ ಹೋಗಿದ್ದ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಜನರ ನಡುವೆ, "ಮುಂದ ಸರೀರಿ, ಟಿಕೆಟ್ ಯಾರದೈತಿ," ಎನ್ನುವ ಅವನ ದನಿ ಮಾತ್ರ ಬರುತ್ತಿತ್ತು.